ಖಾಲಿ ಆಕಾಶ

ಅತ್ತೆ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಾಗಲೇ ಹೇಳಿಬಿಡಬಹುದಿತ್ತು. ಮಾವ ಬನಿಯನ್ನಿನಲ್ಲಿ ಪಕ್ಕದಲ್ಲೇ ನಿಂತು ಅಂಗಿಗೆ ಕಾಯುತ್ತಿದ್ದರು. ಒಂದು ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡವರ ಗೆಲುವು. ಬನಿಯನ್ನಿನಲ್ಲಿ ನಿಂತ ಮನುಷ್ಯನಿಗೆ ಅಂಥ ಮಾತು ಹೇಳುವುದು ಹೇಗೆ ಎಂದು ಅವಳು ಸುಮ್ಮನಾದಳು. ಅವರು ಅಂಗಿ ತೊಟ್ಟು ತೋಳಿನ ಗುಂಡಿ ಹಾಕಿಕೊಂಡ ಮೇಲೆ, ಇಷ್ಟು ಶಿಸ್ತಾಗಿ ತಯಾರಾದವರಿಗೆ ಹೇಳುವುದು ಹೇಗೆ ಎಂದು ಮತ್ತೆ ಸುಮ್ಮನಾದಳು.

"ಒಂದು ಕಾಲರಿಗೆ ಎಷ್ಟು ಹೊತ್ತು ಮಾಡ್ತೀಯೆ? ಸಮಿತಿಯೋರು ನನ್ನ ಅಂಗಿ ನೋಡಿ ದೂರದರ್ಶಕದ ಟೈಮ್ ಕೊಡಲ್ಲ," ಎಂದಿದ್ದರು ಮಾವ.

"ಸುಕ್ಕು ನೋಡಿ ಕೊಡದೆ ಇರಬಹುದಲ್ಲ," ಎಂದಿದ್ದರು ಅತ್ತೆ, ತಲೆ ಎತ್ತದೆ. "ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂದ್ಕೊಳ್ತಾರೆ."

ಕಾರಿನಲ್ಲಿಯೂ ಹೇಳಬಹುದಿತ್ತು. ಖಗೋಳ ಸಂಶೋಧನಾ ಸಂಸ್ಥೆಗೆ ಇಬ್ಬರೂ ದಿನಾ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಅವಳು ಓಡಿಸುವುದು, ಮಾವ ಪಕ್ಕದಲ್ಲಿ ಕೂತು ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುವುದು. ಮನೆಯ ಗೇಟು ದಾಟುವವರೆಗೆ ಅವರು ಮಾವ, ಸಂಸ್ಥೆಯ ಗೇಟು ದಾಟಿದ ಮೇಲೆ ಸರ್, ಅಲ್ಲಿನ ಉಳಿದವರಿಗೆ ಮೇಷ್ಟ್ರು. ನಡುವಿನ ರಸ್ತೆಯಲ್ಲಿ ಏನೆಂದು ಕರೆಯಬೇಕು ಎಂಬುದು ಇಷ್ಟು ವರ್ಷವಾದರೂ ಇತ್ಯರ್ಥವಾಗದೆ, ಅಲ್ಲಿ ಅವಳು ಅವರನ್ನು ಏನೂ ಕರೆಯುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಮುಂದಿನ ಬಸ್ಸಿನ ಹಿಂಭಾಗ ಬಿಸಿಗಾಳಿಯಲ್ಲಿ ನಡುಗುತ್ತಿತ್ತು. ಬಿಸಿಯಾದದ್ದೆಲ್ಲ ಹೊಳೆಯುತ್ತದೆ ಎಂದು ತಿಳಿದವರಿಗೆ ನೆಮ್ಮದಿಯಿಂದ ಒಂದು ಬಸ್ಸನ್ನೂ ನೋಡಲಾಗುವುದಿಲ್ಲ. ಅವಳು ಅದರ ಎಂಜಿನ್ನು, ಚಕ್ರ, ಕಿಟಕಿಗೆ ಒರಗಿದ ತಲೆಗಳು ಬಿಸಿ ಹಿಡಿಯುವ ಕ್ಯಾಮೆರಾದಲ್ಲಿ ಯಾವ ಬಣ್ಣದಲ್ಲಿ ಕಾಣಬಹುದೆಂದು ಲೆಕ್ಕ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತವರ ಕಡೆಗೆ ತಿರುಗದಿರಲು ಅದೊಂದು ನೆಪವೂ ಆಗಿತ್ತು.

"ನಿನ್ನೆ ಬಂದ ಚಿತ್ರಗಳು ಹಾಳಂತೆ?" ಎಂದರು ಮಾವ. "ಗುಡ್ಡದಿಂದ ಫೋನ್ ಮಾಡಿದ್ನಂತಲ್ಲ."

"ಹೂಂ. ಏನಾದ್ರೂ ಉಳಿಸ್ಕೊಳ್ಳೋಕಾಗತ್ತಾ ಅಂತ ನೋಡ್ತಾ ಇದೀನಿ."

"ಬಿಡು, ಇವತ್ತಿನ ಮಟ್ಟಿಗೆ ಹಳೇವೇ ಸಾಕು. ಹಳೇದರಲ್ಲಿ ಬಾವಿ ಚೆನ್ನಾಗಿ ಕಾಣತ್ತೆ."

ಸಿಗ್ನಲ್ಲು ಹಸಿರಾಯಿತು. ಹಿಂದಿನವನು ಹಾರನ್ನು ಬಾರಿಸಿದ. ಅವಳಿಗೆ ಆ ಹಾರನ್ನಿನಿಂದ ಉಪಕಾರವಾದಂತೆನಿಸಿತು.

ಹಾಳಾದದ್ದು ನಿಜ. ದೂರದ ಗುಡ್ಡದ ಮೇಲಿರುವ ಸಂಸ್ಥೆಯ ದೂರದರ್ಶಕವನ್ನು ನಡೆಸುವವನು ಹಿಂದಿನ ದಿನ ಫೋನು ಮಾಡಿ ಕ್ಷಮೆ ಕೇಳಿದ್ದ. "ಮೇಡಂ, ಪ್ಲಸ್ ಹಾಕೋ ಕಡೆ ಮೈನಸ್ ಹಾಕ್ಬಿಟ್ಟೆ. ಖಾಲಿ ಆಕಾಶಕ್ಕೆ ಅಂತ ಎಡಗಡೆ ಹೋಗೋ ಬದಲು ಬಲಗಡೆ ಹೋಗಿದೆ. ಮೇಷ್ಟ್ರಿಗೆ ನೀವೇ ಹೇಳ್ಬಿಡಿ, ನಂಗೆ ಬೈಸ್ಕೊಳ್ಳೋ ಧೈರ್ಯ ಇಲ್ಲ." ಖಾಲಿ ಆಕಾಶ ಎಂಬುದು ಅವರ ಕೆಲಸದ ಅರ್ಧ ಭಾಗ. ನಕ್ಷತ್ರಗಳು ಹುಟ್ಟುವ ಮೋಡಗಳು, ಅನಿಲ ಮತ್ತು ದೂಳಿನ ಆ ಮಹಾ ತಣ್ಣನೆಯ ಮೋಡಗಳು, ಕಣ್ಣಿಗೆ ಬರಿ ಕಪ್ಪು. ಒಳಗೆ ಹುಟ್ಟುತ್ತಿರುವುದರ ಬೆಳಕನ್ನು ದೂಳು ನುಂಗಿಬಿಡುತ್ತದೆ, ಬಿಸಿಯನ್ನು ಅಷ್ಟಿಷ್ಟು ಹೊರಕ್ಕೆ ಬಿಡುತ್ತದೆ. ಆ ಬಿಸಿಯನ್ನು, ಎಂದರೆ ಅವಗೆಂಪು ಕಿರಣವನ್ನು ಹಿಡಿಯಬೇಕು. ತೊಂದರೆಯೆಂದರೆ ಅವಗೆಂಪಿನಲ್ಲಿ ಸುತ್ತಲಿನ ಗಾಳಿಯೂ ಹೊಳೆಯುತ್ತದೆ, ಗುಮ್ಮಟವೂ ಹೊಳೆಯುತ್ತದೆ, ದೂರದರ್ಶಕದ ಕನ್ನಡಿಯೂ ಹೊಳೆಯುತ್ತದೆ. ಅದರ ನಡುವೆ ಮೋಡದ ಬಿಸಿ ಎಲ್ಲಿ ಲೆಕ್ಕಕ್ಕೆ. ಹಾಗಾಗಿ ಮೊದಲು ಮೋಡದ ಚಿತ್ರ ತೆಗೆಯುತ್ತಾರೆ. ಆಮೇಲೆ ದೂರದರ್ಶಕವನ್ನು ಕೊಂಚ ಪಕ್ಕಕ್ಕೆ ಸರಿಸಿ, ಏನೂ ಇಲ್ಲದ ಜಾಗದ ಚಿತ್ರ ತೆಗೆಯುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೋಡ ಉಳಿಯುತ್ತದೆ. "ಪಾತ್ರೆ ಸಮೇತ ಹಾಲು ತೂಗಿ, ಆಮೇಲೆ ಪಾತ್ರೆ ತೂಕ ಕಳೀತೀವಲ್ಲ, ಹಾಗೆ," ಎಂದು ಮಾವ ಹೊಸಬರಿಗೆ ಪಾಠ ಹೇಳುತ್ತಿದ್ದರು. ಅವಳಿಗೂ ಹಾಗೆಯೇ ಹೇಳಿದ್ದರು, ಅವಳಿನ್ನೂ ಅವರ ವಿದ್ಯಾರ್ಥಿನಿಯಾಗಿದ್ದಾಗ, ಅವರಿಗೊಬ್ಬ ಮಗನಿದ್ದಾನೆಂದು ಅವಳಿಗೆ ತಿಳಿಯುವ ಮೊದಲು.

ಹಾಗೆ ಕಳೆದು ಉಳಿದ ಚಿತ್ರದಲ್ಲಿ ಮಾವ ತಮ್ಮ ಯೌವನದಲ್ಲಿ ಒಂದು ದುಂಡನೆಯ ಕಪ್ಪು ಕಂಡಿದ್ದರು. ಹೊಳೆಯುವ ಮೋಡದ ನಟ್ಟನಡುವೆ, ಅಚ್ಚುಕಟ್ಟಾಗಿ ತೋಡಿದ ಹಾಗೆ. ಹೊಸದಾಗಿ ಹುಟ್ಟಿದ ನಕ್ಷತ್ರವೊಂದು ಉಗುಳಿದ ರಭಸಕ್ಕೆ ಮೋಡದಲ್ಲಿ ಅಡ್ಡಲಾಗಿ ತೂತು ಬಿದ್ದಿದೆ, ನಾವು ಅದರ ಬಾಯಿಗೆ ನೇರವಾಗಿ ನಿಂತು ಇಣುಕುತ್ತಿದ್ದೇವೆ, ಎಂದು ಅವರು ಬರೆದರು. ಬಾವಿ ಎಂದು ಕರೆದರು. ಅದು ಎಲ್ಲರಿಗೂ ಹಿಡಿಸಿತು. ಆ ಮೋಡದ ಪಕ್ಕದಲ್ಲೇ ಪ್ರಖರವಾದ ನಕ್ಷತ್ರವೊಂದಿದ್ದು, ಇಡೀ ಆಕಾಶವನ್ನು ಒಂದೇ ಸಮನೆ ಗುಡಿಸುವ ದೊಡ್ಡ ಸಮೀಕ್ಷೆಗಳಲ್ಲಿ ಆ ಭಾಗ ಕಣ್ಣು ಕೋರೈಸಿ ಅಳಿಸಿಹೋಗುತ್ತಿತ್ತು. ಹಾಗಾಗಿ ಬಾವಿಯನ್ನು ನೋಡಬೇಕೆಂದರೆ ಮಾವ ನೋಡಿದ ರೀತಿಯಲ್ಲೇ ನೋಡಬೇಕು. ನೋಡಿದವರೆಲ್ಲ ಖಾಲಿ ಆಕಾಶಕ್ಕೆ ಅವರು ಬರೆದಿಟ್ಟ ಜಾಗಕ್ಕೇ ಹೋದರು. ಬೇರೆ ಜಾಗ ಹುಡುಕುವುದು ದೊಡ್ಡ ಮಾತಲ್ಲ; ಆದರೆ ಇರುವಾಗ ಯಾಕೆ? ಅದಕ್ಕೆ ಮೇಷ್ಟ್ರ ಜಾಗ ಎಂದೇ ಹೆಸರಾಯಿತು. ಅವಳೂ ಅಲ್ಲಿಗೇ ಹೋದಳು. ಹೋಗಿ, ಬಾವಿಯನ್ನು ತೋಡಿದ್ದು ಯಾವ ನಕ್ಷತ್ರ, ಎಷ್ಟು ರಭಸದಿಂದ ತೋಡಿತು ಎಂದು ದಪ್ಪನೆಯ ಪ್ರಬಂಧ ಬರೆದು ಡಾಕ್ಟರ್ ಆದಳು.

ನಿನ್ನೆ ಸಂಜೆ, ಹಾಳಾದದ್ದು ಎಷ್ಟು ಹಾಳಾಗಿದೆ ನೋಡೋಣವೆಂದು ಅವಳು ಆ ಚಿತ್ರಗಳನ್ನು ತೆರೆದಿದ್ದಳು. ಬಲಗಡೆಯ ಖಾಲಿ ಆಕಾಶವನ್ನು ಕಳೆದಳು. ಮೋಡ ಬಂತು. ಅದರ ಅಂಚುಗಳು, ಎಳೆಗಳು, ಕೆಳಗಿನ ಕೊಕ್ಕಿನಂಥ ಬಾಗು, ಎಲ್ಲ ಅವಳಿಗೆ ಸ್ವಂತ ಅಂಗೈಯಷ್ಟು ಪರಿಚಿತ. ಬಾವಿ ಇರಲಿಲ್ಲ. ಬಾವಿ ಇರಬೇಕಾದಲ್ಲಿ ಮೋಡ ಎಲ್ಲ ಕಡೆಯಂತೆ ಹೊಳೆಯುತ್ತಿತ್ತು. ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಆಮೇಲೆ, ಕೈ ತಾನಾಗಿ ಮಾಡಿದಂತೆ, ಹಳೆಯ ಖಾಲಿ ಆಕಾಶದ ಚಿತ್ರದಿಂದ ಹೊಸ ಖಾಲಿ ಆಕಾಶದ ಚಿತ್ರವನ್ನು ಕಳೆದಳು. ಖಾಲಿಯಿಂದ ಖಾಲಿ ಕಳೆದರೆ ಏನೂ ಉಳಿಯಬಾರದು. ದುಂಡನೆಯ ಒಂದು ನಕ್ಷತ್ರ ಉಳಿಯಿತು. ಬಾವಿಯ ಅಳತೆಯದೇ, ಬಾವಿಯ ದುಂಡೇ. ಮೇಷ್ಟ್ರ ಜಾಗದಲ್ಲಿ, ದೂಳಿನ ಹಿಂದೆ, ಅಷ್ಟು ವರ್ಷವೂ ಅದು ಇತ್ತು. ಪ್ರತಿ ಸಲವೂ ಅದನ್ನು ಪಾತ್ರೆಯ ತೂಕವೆಂದು ಕಳೆದಿದ್ದರು. ಕಳೆದಷ್ಟು ಜಾಗ ಮೋಡದಲ್ಲಿ ಕಪ್ಪಾಗಿ ಬಿದ್ದಿತ್ತು.

ಆಗ ಅವಳಿಗೆ ಮೊದಲು ಆದದ್ದು ಹೆದರಿಕೆ, ತನ್ನ ಪ್ರಬಂಧಕ್ಕಾಗಿ, ತನ್ನ ಕೆಲಸಕ್ಕಾಗಿ. ಅದು ಸಹಜವೆಂದು ಅವಳು ತನ್ನನ್ನು ಕ್ಷಮಿಸಿಕೊಂಡಿದ್ದಳು. ಕ್ಷಮಿಸಲಾಗದೆ ಉಳಿದದ್ದು ಎರಡನೆಯದು. ಹೆದರಿಕೆಯ ಬೆನ್ನಲ್ಲೇ, ಒಂದು ಗಳಿಗೆ, ಹೊಟ್ಟೆಯ ಆಳದಿಂದ ಏನೋ ಬೆಚ್ಚಗೆ ಮೇಲೆದ್ದು ಬಂದಿತ್ತು. ಖುಷಿ. ಅದಕ್ಕೆ ಬೇರೆ ಹೆಸರಿಡಲು ರಾತ್ರಿಯೆಲ್ಲ ಹೊರಳಾಡಿ ನೋಡಿದಳು: ಬೆರಗು, ಕುತೂಹಲ, ಸತ್ಯ ಸಿಕ್ಕಿದ ನೆಮ್ಮದಿ. ಅಲ್ಲ, ಖುಷಿಯೇ. ತಾನು ಕಂಡೆ, ಅವರು ಕಾಣಲಿಲ್ಲ, ಎಂಬ ಖುಷಿ. ಅದರ ಬೇರು ಎಲ್ಲಿದೆಯೆಂದೂ ಗೊತ್ತಿತ್ತು. ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಕೇಳಿದ ಪ್ರಶ್ನೆಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ಸರ್ ತಾವೇ ಉತ್ತರ ಕೊಟ್ಟಿದ್ದರು, ಪ್ರೀತಿಯಿಂದಲೇ, ಮಗುವಿನ ಮೂಗು ಒರೆಸಿದಷ್ಟು ಸಹಜವಾಗಿ. ಪರೀಕ್ಷಕರು ಆಮೇಲಿನ ಪ್ರಶ್ನೆಗಳನ್ನು ನೇರವಾಗಿ ಅವರನ್ನೇ ಕೇಳಿದ್ದರು. ಮದುವೆಯಾದ ಮೇಲೆ ಅವಳು ಎಲ್ಲಿ ಹೋದರೂ ಬಾವಿ ಮೇಷ್ಟ್ರ ಸೊಸೆ. ಸಭೆಗಳಲ್ಲಿ ಕಾಫಿಯ ಸಾಲಿನಲ್ಲಿ ನಿಂತವರು ಅವಳ ಕೆಲಸ ಕೇಳುವ ಮೊದಲು ಮಾವನ ಆರೋಗ್ಯ ಕೇಳುತ್ತಿದ್ದರು. ಈಗ ಹೋಗಿ ಹೇಳಿದರೆ ಅದು ಹೇಳಿದಂತಾಗುತ್ತದೋ ತೀರಿಸಿಕೊಂಡಂತಾಗುತ್ತದೋ? ಹೇಳುವಾಗ ತನ್ನ ದನಿಯಲ್ಲಿ ಆ ಬೆಚ್ಚಗಿನದು ಇಣುಕಿದರೆ? ಅವರು ಮೂರ್ಖರಲ್ಲ, ಅಳೆಯುವುದನ್ನೇ ಬದುಕು ಮಾಡಿಕೊಂಡವರು. ಅಷ್ಟೂ ಗೊತ್ತಾಗದೆ ಇರುತ್ತದೆಯೇ?

ಸಂಸ್ಥೆಯಲ್ಲಿ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ತಪ್ಪು ತನ್ನದೇ ಆಗಿರಲಿ ಎಂದು ಹಾರೈಸುತ್ತ ಮಾಡಿದಳು. ನಕ್ಷತ್ರ ಹೋಗಲಿಲ್ಲ. ಮೇಷ್ಟ್ರ ಜಾಗ ಆ ಕೋರೈಸುವ ನಕ್ಷತ್ರದಿಂದ ಆಚೆಗಿದ್ದುದರಿಂದ, ಸಮೀಕ್ಷೆಯ ಪಟ್ಟಿಯಲ್ಲಿ ಹುಡುಕಿದರೆ ಅಲ್ಲಿಯೂ ಇತ್ತು, ಹೆಸರಿಲ್ಲದೆ, ಒಂದು ಉದ್ದನೆಯ ಸಂಖ್ಯೆಯಾಗಿ, ಲಕ್ಷಾಂತರ ಸಂಖ್ಯೆಗಳ ನಡುವೆ. ಯಾರೋ ಬಹಳ ಹಿಂದೆಯೇ ದಾಖಲಿಸಿ ಮರೆತಿದ್ದರು. ಕಂಡುಹಿಡಿದೆವೆಂದು ಹೇಳಿಕೊಳ್ಳುವಷ್ಟೂ ಅದು ಯಾರಿಗೂ ಉಳಿದಿರಲಿಲ್ಲ. ಮೂರು ಗಂಟೆಗೆ ಸಮಿತಿ. ಮುಂದಿನ ಋತುವಿನಲ್ಲಿ ದೊಡ್ಡ ದೂರದರ್ಶಕದ ರಾತ್ರಿಗಳನ್ನು ಯಾರಿಗೆ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ಬಾವಿಯ ತಳ ನೋಡಬೇಕೆಂದು ಮಾವ ಅರ್ಜಿ ಹಾಕಿದ್ದರು. ಸಂಸ್ಥೆಯಿಂದ ಅವರು ಹೊರಹೋಗುವ ಮೊದಲಿನ ಕೊನೆಯ ಆಸೆ ಎಂಬಂತೆ ಎಲ್ಲರೂ ಅದನ್ನು ಮಾತಾಡಿಕೊಳ್ಳುತ್ತಿದ್ದರು. ಕೊಟ್ಟೇ ಕೊಡುತ್ತಾರೆ. ಕೊಟ್ಟರೆ, ಆ ದೊಡ್ಡ ಕನ್ನಡಿ ತನ್ನದೇ ಬೇರೆ ಖಾಲಿ ಆಕಾಶ ಆರಿಸಿಕೊಂಡು ನೋಡುತ್ತದೆ, ಇಲ್ಲದ್ದನ್ನು ಇಲ್ಲವೆಂದು ಜಗತ್ತಿಗೆ ಹೇಳುತ್ತದೆ. ಕೊಡದಿದ್ದರೆ, ಅವರು ಬಾವಿಯ ಸಮೇತ ಗೌರವವಾಗಿ ಮನೆಗೆ ಹೋಗುತ್ತಾರೆ. ಕೊಡದಿರಲಿ ಎಂದು ಅವಳು ಒಂದು ಕ್ಷಣ ಬಯಸಿದಳು, ಬಯಸಿದ್ದು ಯಾರ ಸಲುವಾಗಿ ಎಂದು ಮತ್ತೆ ಅನುಮಾನಪಟ್ಟಳು, ಗಂಡನಿಗೆ ಫೋನು ಮಾಡಿದಳು.

ಗಂಡ ಲಿಫ್ಟು ರಿಪೇರಿಯವನು. ತಂದೆ ತಲೆ ಎತ್ತಿ ನೋಡುವ ಯಾವುದನ್ನೂ ತಾನು ನೋಡುವುದಿಲ್ಲವೆಂದು ಹುಡುಗನಾಗಿದ್ದಾಗಲೇ ತೀರ್ಮಾನಿಸಿದ್ದ.

"ಬೇಗ ಹೇಳು, ಇಲ್ಲಿ ಒಬ್ಬರು ಅಜ್ಜಿ ಎರಡು ಮಹಡಿ ಮಧ್ಯ ಸಿಕ್ಕಾಕ್ಕೊಂಡು ನನಗೆ ಬೈತಾ ಇದಾರೆ."

"ಹಾಗಾದ್ರೆ ಮೊದಲು ಅವರನ್ನ ಇಳಿಸು."

"ಬೈತಾ ಇದಾರೆ ಅಂದ್ರೆ ಉಸಿರಾಟ ಚೆನ್ನಾಗಿದೆ ಅಂತ. ಹೇಳು."

"ಬಾವಿ ಇಲ್ಲ."

"ಯಾವ ಬಾವಿ?"

"ಮಾವನ ಬಾವಿ. ಇಲ್ಲ ಅದು. ತಪ್ಪಾಗಿ ಕಂಡಿದ್ದು. ನಂಗೆ ನಿನ್ನೆ ಸಂಜೆ ಗೊತ್ತಾಯ್ತು."

ಆ ಕಡೆ ಅಜ್ಜಿಯ ದನಿ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅವನು ನಕ್ಕ, ನಗು ಅರ್ಧಕ್ಕೆ ನಿಂತಿತು. "ನನ್ನ ಕೇಳ್ಬೇಡ ಕಣೇ. ನಾನು ಆ ಬಾವಿಗೆ ತಮ್ಮನಾಗಿ ಬೆಳೆದೋನು. ನನಗಿಂತ ಒಂದು ವರ್ಷ ದೊಡ್ಡದು ಅದು. ಈಗ ಅಣ್ಣ ಹೋದ ಅಂತ ಅಳ್ಬೇಕೋ, ಆಸ್ತಿಯೆಲ್ಲ ನಂದೇ ಅಂತ ನಗ್ಬೇಕೋ ತಿಳೀತಿಲ್ಲ."

"ತಮಾಷೆ ಸಾಕು. ಏನು ಮಾಡ್ಲಿ?"

"ಹೇಳ್ಬಿಡು. ಅವರು ಒಳಗೆ ಹೋಗೋದರೊಳಗೆ ಹೇಳು. ಬೇರೆಯೋರ ಬಾಯಲ್ಲಿ ಕೇಳೋ ಹಾಗೆ ಮಾಡ್ಬೇಡ." ಅಜ್ಜಿಗೆ ಏನೋ ಕೂಗಿ ಹೇಳಿ ಮತ್ತೆ ಬಂದ. "ಮತ್ತೆ... ಹೇಳಿದ ಮೇಲೆ ಅವರನ್ನ ಒಬ್ಬರನ್ನೇ ಬಿಟ್ಟು ಬರ್ಬೇಡ. ಆಯ್ತಾ?"

ಸರ್ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ಮುಗಿಸಿ ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆಯನ್ನು ಎಲ್ಲಿಯೂ ಕಡಿಯದೆ ಒಂದೇ ಸುರುಳಿಯಾಗಿ ಬಿಡಿಸುವುದು ಅವರ ಪದ್ಧತಿ. ಗೋಡೆಯ ಮೇಲೆ ಬಾವಿಯ ಚಿತ್ರವಿತ್ತು, ಬಿಸಿಲಿಗೆ ಒಂದು ಮೂಲೆ ಮಾಸಿದ್ದು. ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಚಿತ್ರಗಳನ್ನು ಒಂದರ ಪಕ್ಕ ಒಂದು ತೆರೆದಳು. ದನಿಯನ್ನು ನಂಬುವ ಹಾಗಿರಲಿಲ್ಲ. ಬಾವಿಯಿಲ್ಲದ ಮೋಡ, ಹಳೆಯ ಖಾಲಿ, ಹೊಸ ಖಾಲಿ, ಖಾಲಿಯಿಂದ ಖಾಲಿ ಕಳೆದದ್ದು. ಅವರು ಕನ್ನಡಕ ಹಾಕಿಕೊಂಡು ಬಾಗಿದರು. ಮೊದಲು ಕಳೆಯುವಾಗ ಚಿಹ್ನೆ ತಪ್ಪಿದೆಯೇ ಎಂದು ಕೇಳಿದರು. ಇಲ್ಲವೆಂದಳು. ಕ್ಯಾಮೆರಾದ ಕಲೆ ಇರಬಹುದಲ್ಲ ಎಂದರು. ಬೇರೆ ಬೇರೆ ಕ್ಯಾಮೆರಾಗಳಲ್ಲಿಯೂ ಅಲ್ಲೇ ಇದೆ ಎಂದಳು. "ಜರುಗು" ಎಂದು ಅವಳನ್ನು ಎಬ್ಬಿಸಿ, ತಾವೇ ಕೂತು, ಎರಡು ಬೆರಳಿನಲ್ಲಿ ನಿಧಾನವಾಗಿ ಕುಟ್ಟುತ್ತ ಎಲ್ಲವನ್ನೂ ಮತ್ತೆ ಕಳೆದರು. ಅವಳು ಅವರ ಹಿಂದೆ ನಿಂತು, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಕಾಲರಿನ ಮೇಲೆ ಕೂದಲು ಎಷ್ಟು ತೆಳುವಾಗಿದೆ ಎಂದು ನೋಡಿದಳು. ನಕ್ಷತ್ರ ಮತ್ತೆ ಬಂತು. ಅದರ ಮೇಲೆ ಅವರು ಬೆರಳಿಟ್ಟರು. ಪರದೆಯ ಮೇಲೆ ಕಿತ್ತಳೆಯ ಒದ್ದೆ ಗುರುತು ಉಳಿಯಿತು.

"ಪ್ಲೇಟಿನಲ್ಲಿ ಅಲ್ಲಿ ಒಂದೇ ಒಂದು ಚುಕ್ಕಿ ಇರ್ಲಿಲ್ಲ," ಎಂದರು ಕೊನೆಗೆ. "ಗಾಜಿನ ಫೋಟೋ ಪ್ಲೇಟು. ಇಡೀ ಪ್ಲೇಟಿನಲ್ಲಿ ಅಷ್ಟು ಚೊಕ್ಕ ಜಾಗ ಇನ್ನೊಂದಿರ್ಲಿಲ್ಲ, ಅದಕ್ಕೇ ಆರಿಸಿದ್ದು. ದೂಳು ಅಡ್ಡ ಇದ್ದಿದ್ದಕ್ಕೆ ಚೊಕ್ಕ ಕಾಣ್ತಿತ್ತು. ಕಾಣಲ್ಲ ಅಂದ ಮಾತ್ರಕ್ಕೆ ಖಾಲಿ ಅಂದ್ಕೋಬೇಡಿ ಅಂತ ಹೊಸಬರಿಗೆ ಮೊದಲನೇ ವಾರ ಹೇಳ್ತೀನಿ. ನಾನೇ ಹೇಳ್ತೀನಿ ಅದನ್ನ."

ಅವರು ಅವಳ ಕಡೆ ತಿರುಗಿದರು.

"ನಿನ್ನೆ ಸಂಜೆ ಗೊತ್ತಾಯ್ತಾ?"

"ಹೂಂ."

"ರಾತ್ರಿ ಒಟ್ಟಿಗೆ ಊಟಕ್ಕೆ ಕೂತಿದ್ವಿ."

"ಹೂಂ."

"ಬೆಳಗ್ಗೆ ಅಂಗಿಗೆ ಇಸ್ತ್ರಿ ಆಗ್ತಿದ್ದಾಗಲೂ ಗೊತ್ತಿತ್ತು."

"ಗೊತ್ತಿತ್ತು. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮಾವ." ಸಂಸ್ಥೆಯ ಗೋಡೆಗಳೊಳಗೆ ಆ ಮಾತು ಬಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ.

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಎಷ್ಟು ಜನ ನೋಡಿದ್ರು. ಎಷ್ಟು ಕ್ಯಾಮೆರಾ ಬದಲಾಯ್ತು. ಒಬ್ಬರಾದ್ರೂ ಬೇರೆ ಕಡೆ ತಿರುಗಿಸಿ ನೋಡೋಣ ಅನ್ಲಿಲ್ಲ. ಮೇಷ್ಟ್ರ ಜಾಗ, ಮೇಷ್ಟ್ರ ಜಾಗ ಅಂತ ಅಲ್ಲೇ ಹೋಗಿ ನಿಂತ್ರು. ಗೌರವ. ಎಲ್ಲಾ ಸೇರಿ ಗೌರವ ಕೊಟ್ಟು ಕೊಟ್ಟು ನನ್ನ ಒಬ್ಬಂಟಿ ಮಾಡಿಬಿಟ್ರಲ್ಲಮ್ಮ." ಸಿಟ್ಟು ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರು ಕಿತ್ತಳೆಯನ್ನು ಬಿಡಿಸಿ ಅರ್ಧ ಅವಳ ಕೈಗಿಟ್ಟರು, ಅಭ್ಯಾಸಬಲದಿಂದ. ಆಮೇಲೆ ಪರದೆಯ ಕಡೆ ನೋಡುತ್ತಲೇ, "ಚೆನ್ನಾಗಿ ಮಾಡಿದೀಯ," ಎಂದರು. "ಖಾಲಿಯಿಂದ ಖಾಲಿ ಕಳೆಯೋದು. ಇಷ್ಟು ವರ್ಷದಲ್ಲಿ ನಂಗೆ ಹೊಳೀಲೇ ಇಲ್ಲ ನೋಡು. ತುಂಬ ಚೆನ್ನಾಗಿದೆ ಕೆಲಸ."

ವಿದ್ಯಾರ್ಥಿನಿಯಾಗಿದ್ದಾಗಿನಿಂದ ಅವಳು ಕಾದಿದ್ದ ಮಾತು ಅದು. ಬಂದಾಗ ಹೇಗಿರುತ್ತದೆಂದು ಎಷ್ಟೋ ಸಲ ಊಹಿಸಿಕೊಂಡಿದ್ದಳು. ಜನರಿರುವ ಸಭಾಂಗಣದಲ್ಲಿ, ಅಥವಾ ಗುಡ್ಡದ ಮೇಲೆ, ಅಥವಾ ಊಟದ ಮೇಜಿನಲ್ಲಿ ಗಂಡನೂ ಕೇಳುವ ಹಾಗೆ. ಈಗ ಅದು ಬಂದು, ನಿನ್ನೆಯ ಆ ಬೆಚ್ಚಗಿನ ಜಾಗವನ್ನೇ ಹುಡುಕಿಕೊಂಡು ಹೋಗಿ ಸುಟ್ಟಿತು. ಕಿತ್ತಳೆಯ ತೊಳೆಯನ್ನು ಬಾಯಿಗಿಟ್ಟುಕೊಂಡಳು.

ಸಮಿತಿಯ ಕೋಣೆಯಲ್ಲಿ ಏಸಿ ಜೋರಾಗಿತ್ತು. ಅಧ್ಯಕ್ಷೆ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ; ಸರ್ ಒಳಗೆ ಬಂದಾಗ ಎದ್ದು ನಿಂತರು, ಉಳಿದವರೂ ಎದ್ದರು. ಮೂಲೆಯಲ್ಲಿ ಗಡ್ಡದವನಿದ್ದ. ಬಹಳ ಹಿಂದೆ ಒಂದು ಸಮ್ಮೇಳನದಲ್ಲಿ ಆತ ಎದ್ದು, ಪ್ರಕೃತಿ ಇಷ್ಟು ದುಂಡಗೆ ಏನನ್ನೂ ತೋಡುವುದಿಲ್ಲವಲ್ಲ ಎಂದಿದ್ದ. ಸಭೆ ನಕ್ಕಿತ್ತು. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಕೊಂಚ ಜೋರಾಗಿ, ಸರ್‌ಗೆ ಕೇಳಿಸಲಿ ಎಂದು. ಅರ್ಜಿಯಲ್ಲಿ ಅವಳ ಹೆಸರೂ ಇದ್ದುದರಿಂದ ಈಗ ಅವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಸರ್ ಬಾವಿಯ ಚಿತ್ರ ತೋರಿಸಿದರು. ಆಮೇಲೆ ಬಾವಿಯಿಲ್ಲದ ಚಿತ್ರ ತೋರಿಸಿದರು. ಪಾಠ ಹೇಳುವ ದನಿಯಲ್ಲಿ, ಹಾಲು, ಪಾತ್ರೆ, ಪಾತ್ರೆಯಲ್ಲಿ ಮೊದಲೇ ಇದ್ದದ್ದು, ಎಲ್ಲವನ್ನೂ ಹೇಳಿದರು. ಕಂಡುಹಿಡಿದದ್ದು ಯಾರೆಂದು ಅವಳ ಕಡೆ ಕೈ ಮಾಡಿ ಹೇಳಿದರು. "ಹಾಗಾಗಿ ಅರ್ಜಿ ವಾಪಸ್ ತಗೋತಿದೀನಿ," ಎಂದರು. ಗಡ್ಡದವನು ಗೆದ್ದವನಂತೆ ನೋಡುತ್ತಾನೆಂದು ಅವಳು ಕಾದಳು. ಆತ ತಲೆ ತಗ್ಗಿಸಿ, ತಾನೇ ಏನೋ ತಪ್ಪು ಮಾಡಿದವನಂತೆ, ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಿದ್ದ.

"ಸರ್," ಎಂದರು ಅಧ್ಯಕ್ಷೆ, ಮೆತ್ತಗೆ, "ನಿಮಗೆ ಅಂತ ರಾತ್ರಿಗಳನ್ನ ಆಗಲೇ ಇಟ್ಟಿದ್ವಿ. ಬಾವಿ ಇಲ್ಲದಿದ್ರೆ ಏನಂತೆ, ಆ ಮೋಡದಲ್ಲಿ ಬೇರೆ ಏನಾದ್ರೂ ನೋಡಿ. ನಿಮ್ಮಿಷ್ಟ. ನಾವು ಯಾರೂ ಏನೂ ಕೇಳಲ್ಲ."

"ಅದೇ ಬೇಡ," ಎಂದರು ಸರ್. ದನಿ ಮೊದಲ ಸಲ ಒಡೆಯಿತು. "ಕೇಳಿ. ಯಾರು ಬಂದ್ರೂ ಕೇಳಿ ಕೊಡಿ." ಆಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಕೇಬಲ್ಲನ್ನು ಬಿಡಿಸಲು ಹೋದರು. ಅದು ಬರಲಿಲ್ಲ. ಎಳೆದರು, ಅಲುಗಿಸಿದರು, ತಿರುಗಿಸಿದರು. ಅಷ್ಟೂ ಜನ ಎದ್ದು ಸಹಾಯ ಮಾಡಬೇಕೋ ನೋಡದಂತೆ ಇರಬೇಕೋ ತಿಳಿಯದೆ ಕಾಗದಗಳನ್ನು ನೋಡುತ್ತಿದ್ದರು. ಅವಳು ಹೋಗಿ ಪಕ್ಕದ ಸಣ್ಣ ತಿರುಪನ್ನು ಸಡಿಲಿಸಿದಳು. ಅವರ ಕೈ ತಣ್ಣಗಿತ್ತು.

ಮನೆಯ ದಾರಿಯಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತರು. ಇಲ್ಲದ ಬ್ರೇಕನ್ನು ಒತ್ತಲಿಲ್ಲ. ಅವಳು ಬೇಕೆಂದೇ ಒಂದು ಕಡೆ ಸ್ವಲ್ಪ ಜೋರಾಗಿ ತಿರುಗಿಸಿ ನೋಡಿದಳು, ಕಾಲು ಅಲುಗಲಿಲ್ಲ.

ಅತ್ತೆ ಬಾಗಿಲಲ್ಲೇ ಇದ್ದರು. "ಕೊಟ್ರಾ?"

"ಇಲ್ಲ."

"ಯಾಕಂತೆ? ಆ ಅಧ್ಯಕ್ಷೆ ನಿಮ್ಮ ಹತ್ತಿರಾನೇ ಓದಿದ್ದಲ್ವ? ನಮ್ಮನೇಲಿ ಎಷ್ಟು ಸಲ ಉಂಡು ಹೋಗಿಲ್ಲ!"

"ಅವಳು ಕೊಡ್ತಿದ್ಲು. ನಾನೇ ಬೇಡ ಅಂದೆ," ಎಂದು ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅಷ್ಟು ಜನರ ಮುಂದೆ ನಿಂತು ಹೇಳಿದವರು ಈಗ ಸೊಸೆಯ ಮುಖ ನೋಡಿದರು. ಅತ್ತೆ ಇಬ್ಬರನ್ನೂ ನೋಡಿದರು. ಕಾಫಿಯಾದ ಮೇಲೆ ಹೇಳೋಣ, ಗಂಡ ಬರಲಿ, ಎಂಬ ಯೋಚನೆಗಳು ಅವಳ ತಲೆಯಲ್ಲಿ ಬೆಳಗಿನ ಹಾಗೇ ಸಾಲುಗಟ್ಟಿದವು.

"ಅತ್ತೆ, ಬಾವಿ ಇಲ್ಲ," ಎಂದಳು. "ಯಾವತ್ತೂ ಇರ್ಲಿಲ್ಲ. ತಪ್ಪಾಗಿ ಕಂಡಿದ್ದು."

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು. ಮಾವನಿಗೆ ಸಮಾಧಾನ ಹೇಳುತ್ತಾರೆ, ಇಲ್ಲವೇ ಗೇಲಿ ಮಾಡುತ್ತಾರೆ ಎಂದುಕೊಂಡಿದ್ದ ಅವಳಿಗೆ, ಆ ಮುಖ ಹಾಗೆ ಬಿಳಿಚಿಕೊಳ್ಳುತ್ತದೆಂದು ಹೊಳೆದಿರಲೇ ಇಲ್ಲ. ಅತ್ತೆಗೆ ಬಾವಿಯಿಂದ ಏನು, ಎಂದೇ ಇಷ್ಟು ವರ್ಷ ತಿಳಿದಿದ್ದಳು.

"ಮಗ ಹುಟ್ಟಿದಾಗ ನೀವು ಗುಡ್ಡದ ಮೇಲಿದ್ರಿ," ಎಂದರು ಅತ್ತೆ ಗಂಡನಿಗೆ. ದನಿ ಜೋರಿರಲಿಲ್ಲ. "ಇನ್ನೊಂದು ಸಲ ಬಾವಿ ನೋಡ್ಬೇಕು, ಆಮೇಲೆ ಆ ಮೋಡ ಮುಳುಗಿ ಹೋಗತ್ತೆ ಅಂದಿದ್ರಿ. ಯಜಮಾನ್ರು ಎಲ್ಲಮ್ಮ ಅಂತ ನರ್ಸ್ ಕೇಳಿದ್ಳು. ಅವರು ದೊಡ್ಡದೊಂದು ಕಂಡುಹಿಡಿದಿದಾರೆ, ಅದಕ್ಕೇ ಬರೋಕಾಗ್ಲಿಲ್ಲ ಅಂದೆ. ನಮ್ಮಮ್ಮನಿಗೂ ಹಾಗೇ ಅಂದೆ. ಇವನಿಗೆ ಜ್ವರ ಬಂದಾಗ ಡಾಕ್ಟರಿಗೂ ಹಾಗೇ. ಸ್ಕೂಲಿನೋರಿಗೂ. ಕೇಳಿದೋರಿಗೆಲ್ಲ ತಲೆ ಎತ್ಕೊಂಡು ಹೇಳ್ತಾ ಬಂದೆನಲ್ಲ ನಾನು. ಈಗ ಅವರಿಗೆಲ್ಲ ಏನಂತ ಹೇಳ್ಲಿ?"

ಮಾವ ಕೂತಲ್ಲಿಂದ ಎದ್ದರು. ಸಮಿತಿಯ ಮುಂದೆ ಇದ್ದ ಆ ಪಾಠದ ದನಿ ಇಲ್ಲಿಗೆ ಬಂದಿರಲಿಲ್ಲ. "ನಾನೇ ಹೇಳ್ತೀನಿ ಕಣೆ."

"ಯಾರಿಗೆ? ಆ ನರ್ಸಿಗಾ?"

"ನಿನಗೆ," ಎಂದರು. "ಮೊದಲು ನಿನಗೆ ಹೇಳ್ತೀನಿ."

ಅತ್ತೆ ಬೇಡವೆನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಿಡಿದಿದ್ದ ಕುರ್ಚಿಯನ್ನೇ ಎಳೆದು ಕೂತರು. ಅವಳು ಅಡುಗೆಮನೆಗೆ ಹೋಗಿ ಗ್ಯಾಸು ಹಚ್ಚಿ ನೀರಿಟ್ಟಳು. ಒಬ್ಬರನ್ನೇ ಬಿಟ್ಟು ಬರಬೇಡ ಎಂದಿದ್ದ ಗಂಡ. ಬಾಗಿಲ ಚೌಕಟ್ಟಿನ ಈ ಕಡೆ ನಿಂತರೆ ಬಿಟ್ಟ ಹಾಗಲ್ಲ ಎಂದುಕೊಂಡಳು. ಮಾವ ಶುರುಮಾಡಿದರು. ಮೋಡ ತುಂಬ ತಣ್ಣಗಿರುತ್ತದೆ ಎಂದರು, ನೋಡುವ ಕನ್ನಡಿ ಬಿಸಿಯಾಗಿರುತ್ತದೆ ಎಂದರು, ಹಾಗಾಗಿ ಪಕ್ಕದ ಖಾಲಿ ಆಕಾಶವನ್ನು ಕಳೆಯುತ್ತೇವೆ ಎಂದರು. ಇಷ್ಟು ವರ್ಷದಲ್ಲಿ ಇದನ್ನು ಹೆಂಡತಿಗೆ ಹೇಳುತ್ತಿರುವುದು ಮೊದಲ ಸಲವಿರಬೇಕು. ಎರಡು ಮಾತಿಗೊಮ್ಮೆ ತಡವರಿಸುತ್ತಿದ್ದರು.

"ನಿಲ್ಲಿ," ಎಂದರು ಅತ್ತೆ. ಮೂಗು ಇನ್ನೂ ಕಟ್ಟಿತ್ತು. "ಖಾಲಿ ಅಂತ ನಿಮಗೆ ಯಾರು ಹೇಳಿದ್ರು?"

"ನಾನೇ ನೋಡಿದ್ದೆ. ಫೋಟೋದಲ್ಲಿ."

"ಯಾವ ಫೋಟೋ? ಬಿಸಿ ತೋರಿಸೋದಾ, ಬೆಳಕು ತೋರಿಸೋದಾ?"

ಮಾವ ತಲೆ ಎತ್ತಿ ಹೆಂಡತಿಯನ್ನು ನೋಡಿದರು.

"ಬೆಳಕು ತೋರಿಸೋದು," ಎಂದರು ಮಾವ.

"ಮತ್ತೆ ಬಿಸಿ ತೋರಿಸೋದರಲ್ಲಿ ಯಾಕೆ ನೋಡ್ಲಿಲ್ಲ?"

"ಹೇಳ್ತೀನಿ, ಇರು," ಎಂದು ಮಾವ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೆಂಡತಿಯ ಎದುರಿಗೆ ಹಾಕಿ ಕೂತರು. ಸ್ವಲ್ಪ ಹೊತ್ತು ಯೋಚಿಸಿ, ಮೊದಲಿನಿಂದ ಶುರುಮಾಡಿದರು.